ಗರುಡನಿಗೆ ಇಟ್ಟ ಎಡೆ

ಮೂರು ದಿನ ಹಳೆಯದಾದ ಕೋಳಿಕರುಳಿನ ವಾಸನೆ ಎಂಥದ್ದೆಂದು ಗೊತ್ತಿಲ್ಲದವರು ಪುಣ್ಯವಂತರು. ಅದು ಮೂಗಿಗಿಂತ ಮೊದಲು ನಾಲಿಗೆಗೆ ಬರುತ್ತದೆ. ಒಂದು ಥರ ಸಿಹಿಯಾಗಿ ಬಂದು ಗಂಟಲಲ್ಲಿ ಕೂರುತ್ತದೆ. ಮನೆಗೆ ಬಂದು ಸೀಗೆಪುಡಿ ಹಾಕಿ ತಲೆ ತೊಳೆದರೂ ಕೂದಲಲ್ಲಿ ಉಳಿದಿರುತ್ತದೆ. ಊಟಕ್ಕೆ ಕೂತರೆ ಬಟ್ಟಲಿನ ಅನ್ನದಿಂದಲೇ ಬಂದ ಹಾಗಾಗುತ್ತದೆ. ನಾನು ಈ ವಿದ್ಯೆ ಕಲಿತದ್ದು ನಮ್ಮೂರ ಗುಡ್ಡದ ನೆತ್ತಿಯಲ್ಲಿ, ನವರಾತ್ರಿಯ ಒಂದು ಬೆಳಿಗ್ಗೆ. ಕಲಿಸಿದವರು ದೇವಸ್ಥಾನದ ಸಮಿತಿಯವರು.

ನಮ್ಮ ಊರು ಧಾರೇಶ್ವರಕ್ಕೂ ಕರ್ಕಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ನಾನು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ಸೀಟಿ ಊದಿ ಊದಿ ನನ್ನ ದನಿಯೂ ಸಿಟ್ಟೂ ಎರಡೂ ಬೆಳೆದಿವೆ ಎಂಬುದು ಮನೆಯವರ ಅಭಿಪ್ರಾಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮದುವೆಯ ಗೋಜಿಗೆ ಹೋಗದೆ ತಾಯಿಯ ಜೊತೆ ಇದ್ದೇನೆ. ನಾವು ತಾಯಿಯನ್ನು ಆಯಿ ಎನ್ನುತ್ತೇವೆ. ಅಕ್ಕನನ್ನು ಅದೇ ಊರಿಗೆ ಕೊಟ್ಟಿದೆ. ಅಕ್ಕನ ಗಂಡ, ನನ್ನ ಭಾವ, ಶಾಮಿಯಾನ ಮತ್ತು ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಊರಿನಲ್ಲಿ ಯಾವ ಕಾರ್ಯವಾದರೂ ಕಂಬ ಅವನದೇ, ಮೈಕೂ ಅವನದೇ ಆದ್ದರಿಂದ ಕ್ರಮೇಣ ದೇವಸ್ಥಾನ ಸಮಿತಿಯ ಅಧ್ಯಕ್ಷತೆಯೂ ಅವನದೇ ಆಗಿಬಿಟ್ಟಿದೆ.

ಪ್ರತಿ ವರ್ಷ ದಸರಾ ರಜೆಯಲ್ಲಿ ನಾನು ಗುಡ್ಡ ಹತ್ತುತ್ತೇನೆ, ಬೇಟೆಹಕ್ಕಿಗಳನ್ನು ಎಣಿಸಲು. ಮಳೆಗಾಲ ಮುಗಿದು ಆಕಾಶ ಬಿಳುಚಿದ ಮೇಲೆ ಉತ್ತರದ ಚಳಿಯ ಸೀಮೆಗಳಿಂದ ಅವು ಹೊರಡುತ್ತವೆ. ಜೇನುಗಿಡುಗ, ಚಾಣ, ಹುಲ್ಲಿನ ಮೇಲೆ ತೇಲಿಕೊಂಡು ಹೋಗುವ ಸೆಳೆವ, ಒಮ್ಮೊಮ್ಮೆ ಹೆಸರು ಹೇಳಲಾಗದ ಎತ್ತರದಲ್ಲಿ ಒಂದು ದೊಡ್ಡ ರೆಕ್ಕೆ. ಬಲಕ್ಕೆ ಸಮುದ್ರ, ಎಡಕ್ಕೆ ಘಟ್ಟ. ನಡುವಿನ ಈ ಗುಡ್ಡದ ಚಿರೆಕಲ್ಲು ಬಿಸಿಲಿಗೆ ಕಾದು ಬಿಸಿಗಾಳಿ ಮೇಲೇಳುತ್ತದೆ. ಹಕ್ಕಿಗಳು ಆ ಗಾಳಿಯಲ್ಲಿ ಸುತ್ತಿ ಸುತ್ತಿ ಮೇಲೇರಿ, ಆಮೇಲೆ ರೆಕ್ಕೆಯನ್ನೇ ಆಡಿಸದೆ ದಕ್ಷಿಣಕ್ಕೆ ಜಾರುತ್ತವೆ. ಎಣಿಕೆಗೆ ಒಂದೇ ನಿಯಮ. ಸುತ್ತುವ ಹಕ್ಕಿಯನ್ನು ಎಣಿಸಬಾರದು, ದಾಟಿದ ಹಕ್ಕಿಯನ್ನು ಮಾತ್ರ ಎಣಿಸಬೇಕು. ಸುತ್ತುವಾಗ ಎಣಿಸಿದರೆ ಒಂದೇ ಹಕ್ಕಿ ಹತ್ತಾಗುತ್ತದೆ. ನನಗೆ ಗಡಿ ಮೊಬೈಲ್ ಟವರ್. ಅದನ್ನು ದಾಟಿ ದಕ್ಷಿಣಕ್ಕೆ ಹೋದದ್ದಕ್ಕೆ ಕೈಯಲ್ಲಿನ ಎಣಿಕೆಯ ಕ್ಲಿಕ್ಕರ್ ಒಮ್ಮೆ ಒತ್ತುತ್ತೇನೆ. ಕರಾವಳಿಯ ಬೇರೆ ಬೇರೆ ಗುಡ್ಡಗಳ ಮೇಲೆ ನನ್ನ ಹಾಗೇ ಕೂರುವ ಕೆಲವರಿದ್ದಾರೆ. ಸಂಜೆ ಎಲ್ಲರೂ ಮೊಬೈಲಿನ ಗ್ರೂಪಿಗೆ ಅವರವರ ಲೆಕ್ಕ ಹಾಕುತ್ತೇವೆ. ಇದರಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು ಊರೆಲ್ಲ ಒಪ್ಪಿಕೊಂಡಿದೆ.

"ಎಂತ ಟೀಚರಮ್ಮ, ಇವತ್ತು ಗಿಡುಗ ಎಷ್ಟು ಹಾಜರಿ?" ಎಂದು ಭಾವ ಕೇಳುವುದು ವಾಡಿಕೆ. "ಗೈರುಹಾಜರಾದವ್ಕೆ ಬೆತ್ತ ಇದ್ದಾ?"

ಇದಕ್ಕೆಲ್ಲ ಮೂಲ ಆಯಿ. ನನಗೆ ಹದ್ದು ಬೇರೆ, ಗರುಡ ಬೇರೆ ಎಂದು ಅಂಗಳದಲ್ಲಿ ನಿಲ್ಲಿಸಿ ತೋರಿಸಿಕೊಟ್ಟವಳು ಅವಳು. "ಬಿಳಿ ಶಾಲು ಹೊದ್ದವ ಗರುಡ. ಬಾಲ ಸೀಳಿದವ ಹದ್ದು. ಗರುಡಗೆ ಕೈ ಮುಗಿ. ಹದ್ದು ಬಂದ್ರೆ ಮೀನಿನ ಬುಟ್ಟಿ ಮುಚ್ಚು" ಎಂದಿದ್ದಳು. ಅಷ್ಟು ಚೊಕ್ಕವಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಎದೆ ತಲೆ ಬೆಳ್ಳಗೆ, ಉಳಿದ ಮೈ ಹೊಸ ಹಂಚಿನ ಬಣ್ಣ, ಅದು ಗರುಡ. ದಿನಕ್ಕೊಮ್ಮೆಯಾದರೂ ಹೊಳೆಯ ಕಡೆಯಿಂದ ಒಂದು ಬಂದು ನಮ್ಮ ತೆಂಗಿನ ಮರಗಳ ಮೇಲೆ ಹಾಯುತ್ತದೆ. ಆಗ ಆಯಿ ಏನು ಮಾಡುತ್ತಿದ್ದರೂ ಬಿಡುತ್ತಿದ್ದಳು. ಕೈಯಲ್ಲಿ ಪಾತ್ರೆ ಇದ್ದರೆ ಕೆಳಗಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಮೇಲೆ ನೋಡಿ ಕೈ ಮುಗಿದು, ಬೆರಳುಗಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ನನ್ನ ಅಪ್ಪ ತೀರಿಕೊಂಡ ಮಾರನೆಯ ದಿನವೂ ಅವಳು ಅದನ್ನು ತಪ್ಪಿಸಲಿಲ್ಲ. ಉಳಿದ ದೇವರುಗಳ ಜೊತೆ ಅವಳಿಗೆ ಆಗಾಗ ಜಗಳವಿತ್ತು, ಗರುಡನ ಜೊತೆ ಇರಲಿಲ್ಲ.

ಅವಳ ಒಂದು ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅವಳು ಮದುವೆಯಾಗಿ ಈ ಊರಿಗೆ ಬಂದ ವರ್ಷ ಗುಡ್ಡದ ಬುಡದಲ್ಲಿರುವ ನಮ್ಮ ಅಮ್ಮನವರ ಗುಡಿಯ ಶಿಖರಕ್ಕೆ ಕಲಶ ಇಟ್ಟರಂತೆ. ಭಟ್ಟರು ಮಂತ್ರ ಹೇಳುತ್ತ ಮೇಲೆ ನಿಂತಿದ್ದರಂತೆ, ಕಲಶದ ನೀರು ಹೊಯ್ಯುವ ಹೊತ್ತಿಗೆ ಸರಿಯಾಗಿ ಒಂದು ಗರುಡ ಬಂದು ಗುಡಿಯ ಮೇಲೆ ಮೂರು ಸುತ್ತು ಹಾಕಿ ಹೊಳೆಯ ಕಡೆ ಹೋಯಿತಂತೆ. ಗಂಡನ ಮನೆ ಹೊಸದು, ಮಾತಾಡಿಸುವವರಿಲ್ಲ, ದಿನವೂ ಅಳು. "ಅವತ್ತು ನಂಗೆ ಈ ಊರು ನಂದು ಅನ್ನಿಸ್ತು" ಎಂದು ಅವಳು ಕಥೆ ಮುಗಿಸುತ್ತಿದ್ದಳು. ಈಗ ಆ ಗುಡಿಯನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ವಿಜಯದಶಮಿಯಂದು ಹೊಸ ಕಲಶ ಎಂದು ನಿಶ್ಚಯವಾಯಿತು. ಆಯಿಗೆ ಮಂಡಿ ನೋವು, ಕಣ್ಣಿಗೆ ಪೊರೆ ತೆಗೆಸಿ ಆಗಿದೆ, ಗುಡಿಯ ಮೆಟ್ಟಿಲು ಹತ್ತಲೂ ಒಬ್ಬರು ಬೇಕು. ಆದರೂ ಹೇಳಿದಳು, "ಇನ್ನೊಂದು ಸಲ ಅದ್ನ ಕಂಡ್ರೆ ನಂಗೆ ಸಾಕು ಮಗಾ. ಮತ್ತೆಂತದೂ ಬ್ಯಾಡ." ಬೇರೆ ಏನನ್ನೂ ಅವಳು ಕೇಳಿದವಳಲ್ಲ. ಹಾಗಾಗಿ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಭಾವನೂ ಅದನ್ನು ಕೇಳಿಸಿಕೊಂಡಿದ್ದ. ನವರಾತ್ರಿಗೆ ಮೊದಲು ಒಂದು ಸಂಜೆ ನಮ್ಮ ಜಗುಲಿಗೆ ಬಂದು ಕೂತ. ಎಂದೂ ಇಲ್ಲದ ಮರ್ಯಾದೆ. ಚಾ ಕುಡಿದು, ಲೋಟ ಕೆಳಗಿಟ್ಟು ಕೇಳಿದ, "ನಿನ್ನ ಲೆಕ್ಕದ ಪ್ರಕಾರ ಗುಡ್ಡದ ಮೇಲೆ ಗರುಡ ಎಷ್ಟು ಹೊತ್ತಿಗೆ ಬರ್ತದೆ?"

ನನಗೆ ಮೊದಲ ಸಲ ನನ್ನ ಕೆಲಸದ ಬಗ್ಗೆ ಯಾರೋ ನೆಟ್ಟಗೆ ಕೇಳಿದರು ಎಂದು ಸಂತೋಷವಾಯಿತು. ಬಿಸಿಲು ಏರಿದ ಮೇಲೆ ಹೊಳೆಯ ಕಡೆಯ ಜೋಡಿ ಗರುಡ ಗುಡ್ಡದ ಮೇಲೆ ಎದ್ದು ಒಂದೆರಡು ಸುತ್ತು ಹಾಕುವುದುಂಟು ಎಂದೆ. ಬಂದರೆ ಬಂತು, ಇಲ್ಲವಾದರೆ ಇಲ್ಲ, ಹಕ್ಕಿಗಳು ಶಾಮಿಯಾನದ ಹಾಗೆ ಮುಂಗಡ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದೆ.

"ಅದೇ ಅಲ್ದಾ ತೊಂದ್ರೆ," ಎಂದ ಭಾವ. "ಮುಹೂರ್ತ ಹನ್ನೊಂದರ ಮೇಲೆ. ಗರುಡ ಬರ್ಲಿಲ್ಲ ಅಂದ್ರೆ ಊರವ್ರು ಎಂತ ಹೇಳ್ತ್ರು? ಸಮಿತಿಯವ್ರು ಎಂತದೋ ನುಂಗಿ ಹಾಕಿರು, ಅದ್ಕೇ ಅಮ್ಮ ಒಲಿಲಿಲ್ಲ ಹೇಳ್ತ್ರು. ಬಾಯಿ ಮುಚ್ಚುಕೆ ಆಗ್ತದಾ?"

ನಾನು ನಕ್ಕೆ. ಅವನು ನಗಲಿಲ್ಲ, ಯೋಚನೆ ಮಾಡುತ್ತ ಎದ್ದು ಹೋದ. ಭಾವ ಯೋಚನೆ ಮಾಡಿದರೆ ಊರಿಗೆ ಒಳ್ಳೆಯದಾದ ಉದಾಹರಣೆ ನನಗೆ ಗೊತ್ತಿಲ್ಲ.

ನವರಾತ್ರಿಯ ನಡುವೆ ಒಂದು ಬೆಳಿಗ್ಗೆ, ಆ ರಜೆಯಲ್ಲಿ ಮೊದಲ ಸಲ, ಗುಡ್ಡ ಹತ್ತಿದೆ. ಮುಳಿಹುಲ್ಲು ಇನ್ನೂ ಹಸಿರು, ಇಬ್ಬನಿಗೆ ಚಪ್ಪಲಿ ಒದ್ದೆ. ಅರ್ಧ ದಾರಿಯಲ್ಲೇ ಆ ವಾಸನೆ ಎದುರಿಗೆ ಬಂತು. ದನ ಸತ್ತಿದೆ ಎಂದುಕೊಂಡೆ. ನೆತ್ತಿಗೆ ಬಂದು ನೋಡಿದರೆ ನಾನು ಕೂರುವ ಅರೆಕಲ್ಲಿನ ಬುಡದಲ್ಲಿ ಗೋಣಿಚೀಲ ಸುರುವಿದ ಗುಡ್ಡೆ. ಕರುಳು, ಕೊಕ್ಕು ಸಮೇತ ತಲೆಗಳು, ಹಳದಿ ಕಾಲುಗಳು, ಒದ್ದೆಯಾಗಿ ಮುದ್ದೆಯಾದ ಪುಕ್ಕ. ಅದರ ಮೇಲೆ ಕಪ್ಪು ನೊಣಗಳ ಒಂದು ಪದರ, ನಾನು ಹತ್ತಿರ ಹೋದರೆ ಗುಂಯ್ ಎಂದು ಎದ್ದು ಮತ್ತೆ ಕೂತಿತು. ಸುತ್ತ ಐದಾರು ನಾಯಿಗಳು. ಅವುಗಳಲ್ಲಿ ಒಂದು ನನ್ನ ಕಡೆ ತಿರುಗಿ ಹಲ್ಲು ತೋರಿಸಿತು, ಕಲ್ಲು ತನ್ನದು ಎನ್ನುವ ಹಾಗೆ. ಮೇಲೆ ಹದ್ದುಗಳು. ಹತ್ತಲ್ಲ, ಇಪ್ಪತ್ತಲ್ಲ, ಕಪ್ಪು ಕಪ್ಪಾಗಿ ಒಂದರ ಮೇಲೊಂದು ಸುತ್ತುತ್ತ, ಕಿರುಚುತ್ತ, ಎರಗಿ ಕರುಳು ಎಳೆದುಕೊಂಡು ಏಳುತ್ತಿದ್ದವು. ನಾನು ಅಲ್ಲೇ ಹುಲ್ಲಿನಲ್ಲಿ ಕೂತು ವಾಂತಿ ಮಾಡಿದೆ. ಬೆಳಗಿನ ಅವಲಕ್ಕಿ ಎಲ್ಲ ಹೋಯಿತು.

ಗುಡಿಯ ಜಾಗದ ಗಡಿಕಲ್ಲು ನನ್ನ ಅರೆಕಲ್ಲಿಗಿಂತ ನಾಲ್ಕು ಹೆಜ್ಜೆ ಕೆಳಗಿದೆ. ಆ ಗುಡ್ಡೆ ಬಿದ್ದದ್ದು ಸರಿಯಾಗಿ ಗಡಿಯ ಹೊರಗೆ. ಅದನ್ನು ನೋಡಿದ ಕೂಡಲೇ ಇದು ಯಾರದೋ ಕುಡುಕರ ಕೆಲಸವಲ್ಲ, ಮಡಿ ಗೊತ್ತಿದ್ದವರದೇ ಎಂದು ನನಗೆ ತಿಳಿಯಿತು.

ಭಾವ ಮನೆಯ ಹಿಂದೆ ಶಾಮಿಯಾನದ ಬಟ್ಟೆ ಒಣಗಿಸುತ್ತಿದ್ದ. ಹಣೆಯಲ್ಲಿ ಕುಂಕುಮ, ಹೆಗಲ ಮೇಲೆ ಮಡಿಯ ಪಂಚೆ.

"ಭಾವ, ಗುಡ್ಡದ ಮೇಲೆ ಕೋಳಿಕರುಳು ಸುರುವಿದ್ದು ಯಾರು?"

"ನಾವೇಯ," ಎಂದ, ಒಳ್ಳೆಯ ಸುದ್ದಿ ಹೇಳುವ ಹಾಗೆ. "ಅಭ್ಯಾಸ ಮಾಡಿಸ್ತಾ ಇದ್ದೊ. ದಿನಾ ಹತ್ತೂವರೆಗೆ ಸ್ಕೂಟರ್ ತಕಂಡು ಹೋಗಿ ಹಾಕೂದು. ದಶಮಿ ದಿನ ಬರೋಬ್ಬರಿ ಹೊತ್ತಿಗೆ ಬರ್ತವೆ. ನಿಂಗೂ ಅನುಕೂಲ ಆತು ಅಲ್ದಾ? ಕೂತಲ್ಲೇ ಎಣಿಸ್ಬೌದು."

"ಗರುಡಗೆ ಕೋಳಿಕರುಳಾ ಭಾವ?"

"ಮತ್ತೆಂತ, ಪಂಚಕಜ್ಜಾಯ ತಿಂತದ್ಯನೆ ಅದು?"

ಆಮೇಲೆ ಅವನೇ ಎಲ್ಲವನ್ನೂ ವಿವರಿಸಿದ, ನಾಚಿಕೆ ಇಲ್ಲದೆ. ಸಮಿತಿಯಲ್ಲಿ ಈ ಬಗ್ಗೆ ಚರ್ಚೆಯೇ ಆಗಿತ್ತಂತೆ. ಮೊದಲು ಮೀನಿನ ಕರುಳು ಎಂದು ಯೋಚಿಸಿದರಂತೆ. ಮೀನಾದರೆ ಗಾಳಿಗೆ ವಾಸನೆ ಹೋಮಕುಂಡದವರೆಗೆ ಬರುತ್ತದೆ, ಕೋಳಿಯಾದರೆ ಒಂದು ದಿನ ತಡೆಯುತ್ತದೆ ಎಂದು ಯಾರೋ ತಿಳಿದವರು ಹೇಳಿದರಂತೆ. ಆದರೆ ನವರಾತ್ರಿ. ನಮ್ಮ ಕಡೆ ಆ ದಿನಗಳಲ್ಲಿ ಮೀನು ಮಾಂಸ ಬಿಡುವವರೇ ಹೆಚ್ಚು, ಕೋಳಿ ಅಂಗಡಿಯಲ್ಲಿ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದ ಮೇಲೆ ಕರುಳೆಲ್ಲಿಂದ ಬರಬೇಕು? ಅದಕ್ಕೆ ಭಟ್ಕಳದವರೆಗೂ ಹೋಗಿ, ಗೋಣಿಯಲ್ಲಿ ತುಂಬಿ, ಸ್ಕೂಟರಿನ ಮುಂದೆ ಕಾಲಿನ ಹತ್ತಿರ ಇಟ್ಟುಕೊಂಡು ತಂದದ್ದು. ತಂದವರೆಲ್ಲ ಒಂಬತ್ತು ದಿನ ಒಪ್ಪತ್ತು ಮಾಡುವವರು. ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟುತ್ತಿರಲಿಲ್ಲ. ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂದು ಕೇಳಿದ್ದೆ. ಇವರು ಗಾಳಕ್ಕೆ ಕರುಳು ಸಿಕ್ಕಿಸಿ ದೇವರನ್ನೇ ಹಿಡಿಯಲು ಹೊರಟಿದ್ದರು.

"ಅಲ್ಲಿ ಬಂದದ್ದು ಬರೇ ಹದ್ದು ಭಾವ. ಗರುಡ ಒಂದೂ ಇಲ್ಲ. ಹದ್ದಿನ ಗದ್ದಲಕ್ಕೆ ಇದ್ದ ಎರಡೂ ಓಡಿಹೋಗಿವೆ."

"ತದಡಿ ಬಂದರದಲ್ಲಿ ಬೋಟಿನ ಮೇಲೆ ಗರುಡ ಬತ್ತವೆ ಹೇಳಿ ನೀನೇ ಫೋಟೋ ತೋರ್ಸಿದ್ದೆ. ಅವು ಎಂತ ತಿನ್ನುಕೆ ಬಂದದ್ದು? ಮೀನಿನ ಕರುಳೇ ಅಲ್ದಾ?"

ತದಡಿಯಲ್ಲಿ ಅವು ತಮ್ಮ ಹೊಟ್ಟೆಪಾಡಿಗೆ ಬಂದವು, ಯಾರೂ ಅದನ್ನು ಪವಾಡ ಎನ್ನಲಿಲ್ಲ ಎಂದು ಹೊಳೆದದ್ದು ದಾರಿಯಲ್ಲಿ ಮನೆಗೆ ಬರುವಾಗ. ಅಷ್ಟರಲ್ಲಿ ಭಾವ ಕೊನೆಯ ಮಾತು ಹೇಳಿ ಆಗಿತ್ತು.

"ಅತ್ತೆ ಕಾಯ್ತಾ ಇದ್ರು. ಅವ್ರಿಗಾದ್ರೂ ಕಾಣೂದು ಬ್ಯಾಡ್ದಾ? ನೀ ಹೋಗಿ ಇದ್ನ ಅವ್ರ ಹತ್ರ ಹೇಳ್ಬೇಡ, ಆತಾ?"

ಹೇಳಲಿಲ್ಲ. ಶಾಲೆಯ ಮೈದಾನದಲ್ಲಿ ಇಡೀ ಊರಿಗೆ ಕೇಳುವ ಹಾಗೆ ಕಿರುಚುವ ನಾನು ಮನೆಗೆ ಬಂದು ಬಾಯಿ ಮುಚ್ಚಿಕೊಂಡೆ. ಆಯಿ ದಶಮಿಗೆ ಉಡುವ ಸೀರೆಯನ್ನು ಆಗಲೇ ತೆಗೆದು ಬಿಸಿಲಿಗೆ ಹಾಕಿದ್ದಳು. ನನ್ನನ್ನು ನೋಡಿ, "ಎಂತ ಮಗಾ ಮುಖ ಇಷ್ಟು ಸಣ್ಣ? ಇವತ್ತು ಹಕ್ಕಿ ಬರ್ಲಿಲ್ಲನೆ?" ಎಂದು ಕೇಳಿದಳು. ಬಂದಿತ್ತು, ಬಹಳ ಬಂದಿತ್ತು ಎಂದೆ.

ಮುಂದಿನ ದಿನಗಳಲ್ಲಿ ನನ್ನ ಎಣಿಕೆ ಹಾಳಾಯಿತು. ಉತ್ತರದಿಂದ ಬರುವ ಹದ್ದುಗಳೂ ಇರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬೇಕು. ಆದರೆ ಕರುಳಿಗೆ ಸುತ್ತುವ ಊರ ಹದ್ದುಗಳ ಮಧ್ಯೆ ದಾಟಿ ಹೋಗುವುದು ಯಾವುದು, ಮತ್ತೆ ತಿನ್ನಲು ತಿರುಗಿ ಬಂದದ್ದು ಯಾವುದು, ಹೇಳುವವರು ಯಾರು? ಹುಲ್ಲಿನ ಮೇಲೆ ತೇಲಿ ಬರುವ ಸೆಳೆವ ಒಂದು ದಿನ ಬಂತು. ನಾಲ್ಕು ಹದ್ದು ಅದರ ಬೆನ್ನು ಹತ್ತಿ ಘಟ್ಟದವರೆಗೆ ಅಟ್ಟಿಕೊಂಡು ಹೋದವು. ಗ್ರೂಪಿನಲ್ಲಿ ಒಬ್ಬರು, ನಿಮ್ಮ ಗುಡ್ಡದ ಲೆಕ್ಕ ಈ ಸಲ ವಿಚಿತ್ರವಾಗಿದೆಯಲ್ಲ ಎಂದು ಬಹಳ ಸೌಜನ್ಯದಿಂದ ಬರೆದರು. ನಮ್ಮಲ್ಲಿ ದೇವರ ಕೆಲಸ ನಡೆದಿದೆ ಎಂದು ಬರೆಯಲು ನನಗೆ ಹೇಸಿಗೆಯಾಯಿತು. ಸುಮ್ಮನೆ ಮೊಬೈಲ್ ಆರಿಸಿದೆ.

ದಶಮಿಯ ಬೆಳಿಗ್ಗೆ ಬೆಳಕು ಹರಿಯುವಾಗಲೇ ನಾನು ಗುದ್ದಲಿ ಹಿಡಿದು ಗುಡ್ಡ ಹತ್ತಿದೆ. ಮೂಗಿಗೆ ಕರ್ಪೂರ ಹಾಕಿದ ಬಟ್ಟೆ ಕಟ್ಟಿಕೊಂಡಿದ್ದೆ. ಹಳೆಯ ಕಲ್ಲು ತೆಗೆದ ಹೊಂಡವೊಂದಿತ್ತು. ಅಲ್ಲಿಗೆ ಆ ಗುಡ್ಡೆಯನ್ನು ಎಳೆದು, ತಳ್ಳಿ, ಮೇಲೆ ಮಣ್ಣು ಹಾಕಿದೆ. ಕೆಳಗಿನ ಪದರ ಹುಳು ಬಿದ್ದು ತಾನೇ ಅಲ್ಲಾಡುತ್ತಿತ್ತು. ನಾಯಿಗಳಿಗೆ ಸೀಟಿ ಊದಿದೆ, ಅವು ನನ್ನ ವಿದ್ಯಾರ್ಥಿಗಳ ಹಾಗೆ ಸೀಟಿಗೆ ಹೆದರಲಿಲ್ಲ. ಕೆಲಸ ಮುಗಿಸಿ, ಬಾವಿಯ ನೀರು ಮೈಮೇಲೆ ಹೊಯ್ದುಕೊಂಡು, ಮಡಿ ಸೀರೆ ಉಟ್ಟು ಆಯಿಯ ಕೈ ಹಿಡಿದುಕೊಂಡು ಗುಡಿಗೆ ಹೋದೆ. ಎಡೆ ತೆಗೆದ ಮೇಲೆ ಹದ್ದು ಬರುವುದಿಲ್ಲ, ಆಕಾಶ ಖಾಲಿಯಾದರೆ ಹೊಳೆಯ ಗರುಡ ಬಂದರೂ ಬರಬಹುದು ಎಂದು ನನ್ನ ಲೆಕ್ಕಾಚಾರ. ವರ್ಷಗಟ್ಟಲೆ ಹಕ್ಕಿ ನೋಡಿದ್ದರೂ ಅವುಗಳ ಹೊಟ್ಟೆಯ ನೆನಪು ಎಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ.

ಗುಡಿಯ ಮುಂದೆ ಭಾವನ ಶಾಮಿಯಾನ. ಮೇಲೆ ಕಾಣಬೇಕೆಂದು ನಡುವೆ ಒಂದು ಕಿಂಡಿ ಬಿಟ್ಟಿದ್ದ. ಅದರ ಕೆಳಗೆ ಹಿರಿಯ ಹೆಂಗಸರಿಗೆ ಕುರ್ಚಿ. ಆಯಿಗೆ ಎಲ್ಲರಿಗಿಂತ ಮುಂದೆ, ರಂಗೋಲಿಯ ಪಕ್ಕದಲ್ಲಿ ಜಾಗ ಕೊಟ್ಟಿದ್ದರು. ಅವಳು ಪಕ್ಕದವಳಿಗೆ ತನ್ನ ಹಳೆಯ ಕಥೆ ಹೇಳುತ್ತಿದ್ದಳು, ಮೂರು ಸುತ್ತು, ಹೊಳೆಯ ಕಡೆ. ಪಂಚವಾದ್ಯ ಜೋರಾಯಿತು. ಭಟ್ಟರು ಶಿಖರದ ಅಟ್ಟಣಿಗೆ ಹತ್ತಿದರು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಸ್ಕೂಟರ್ ಹತ್ತುವ ಸದ್ದು ಕೇಳಿತು. ಯಾರೋ ಸ್ವಯಂಸೇವಕ ಹೊಸ ಗೋಣಿ ಒಯ್ದಿದ್ದ.

ಹದ್ದುಗಳು ಗೋಣಿ ಬಿಚ್ಚುವುದನ್ನೂ ಕಾಯಲಿಲ್ಲ. ಸ್ಕೂಟರಿನ ಸದ್ದಿಗೇ ಎದ್ದು ಬಂದವು. ತೆಂಗಿನ ತಲೆಗಳಿಂದ, ಟವರಿನಿಂದ, ಎಲ್ಲೆಲ್ಲಿಂದಲೋ. ಕಿಂಡಿಯ ತುಂಬ ಕಪ್ಪು ರೆಕ್ಕೆ. ನಾನು ಎಷ್ಟು ಹುಡುಕಿದರೂ ಬಿಳಿ ಎದೆ ಒಂದೂ ಕಾಣಲಿಲ್ಲ. ಅವುಗಳ ಮೇಲೆ, ತುಂಬ ಮೇಲೆ, ಜೇನುಗಿಡುಗಗಳ ಒಂದು ಸಾಲು ಯಾರ ಗೊಡವೆಯೂ ಇಲ್ಲದೆ ದಕ್ಷಿಣಕ್ಕೆ ಜಾರುತ್ತಿತ್ತು. ಅದನ್ನು ಎಣಿಸುವ ಮನಸ್ಸೂ ನನಗೆ ಉಳಿದಿರಲಿಲ್ಲ.

"ಗರುಡ! ಗರುಡ ಬಂತು! ಅಮ್ಮ ಒಲಿದಳು! ಎಲ್ಲರೂ ಕೈ ಮುಗೀರಿ!" ಭಾವನ ದನಿ ನಾಲ್ಕೂ ಕಡೆಯ ಹಾರ್ನುಗಳಿಂದ ಬಂತು. ಜನ ಎದ್ದು ನಿಂತರು. ಕೈಗಳು ಮೇಲೇರಿದವು. ಕೆಲವರು ಅತ್ತರು. ಆಯಿಯೂ ಕೈ ಎತ್ತಿದಳು. ಎತ್ತಿದ ಕೈ ಎದೆಯ ಹತ್ತಿರ ನಿಂತಿತು. ಅವಳು ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದಳು.

"ಮಗಾ, ಬಾಲ ಸೀಳಿದ್ದಲ್ದನೆ ಅದು?"

ಅಷ್ಟರಲ್ಲಿ ಮೇಲಿನಿಂದ ಏನೋ ಬಿತ್ತು. ಪಚಕ್ ಎಂದು ರಂಗೋಲಿಯ ನಡುವೆ, ಆಯಿಯ ಕಾಲಿನಿಂದ ಒಂದು ಮೊಳ ಆಚೆ. ಆಗಷ್ಟೇ ಬಿಚ್ಚಿದ ಗೋಣಿಯಿಂದ ಎತ್ತಿ ತಂದು, ಎರಡು ಹದ್ದುಗಳ ಜಗಳದಲ್ಲಿ ಜಾರಿದ ಉದ್ದನೆಯ ಕರುಳು, ತುದಿಯಲ್ಲಿ ಒಂದು ಹಸಿರು ಗಂಟು. ಬಿಳಿ ರಂಗೋಲಿಯಲ್ಲಿ ಅದು ಸುತ್ತಿಕೊಂಡು ಬಿದ್ದಿತ್ತು. ಒಬ್ಬ ಸ್ವಯಂಸೇವಕ ಓಡಿ ಬಂದು ಅದರ ಮೇಲೆ ಬಾಳೆಲೆ ಮುಚ್ಚಿ, ಎಲೆಯ ಮೇಲೆ ಎರಡು ಹೂವೂ ಇಟ್ಟು, ಮೇಲೆ ನೋಡಿ ಕೈ ಮುಗಿದ. ಆ ಎರಡು ಹೂವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ವಾದ್ಯ ನಿಲ್ಲಲಿಲ್ಲ. ಮೇಲೆ ಭಟ್ಟರು ನೀರು ಹೊಯ್ದರು.

ಆಯಿ ಎಲೆಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕೋಳಿದಾ?"

ಹಕ್ಕಿಯ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತು. ಅದಕ್ಕೇ ನನ್ನನ್ನು ಕೇಳಿದಳು, ಪಕ್ಕದವರನ್ನಲ್ಲ. ಇಲ್ಲ ಎನ್ನಬಹುದಿತ್ತು. ಎಲ್ಲಿಯದೋ ಏನೋ ಎನ್ನಬಹುದಿತ್ತು. ಆದರೆ ಒಂದು ವಾರದಿಂದ ಗಂಟಲಲ್ಲಿ ಕೂತ ಆ ವಾಸನೆಯೆಲ್ಲ ಒಮ್ಮೆಲೇ ಮೇಲೆ ಬಂತು. ಹೌದು ಆಯಿ, ಭಟ್ಕಳದಿಂದ ಗೋಣಿಯಲ್ಲಿ ತಂದದ್ದು, ದಿನಾ ಹಾಕಿ ಅಭ್ಯಾಸ ಮಾಡಿಸಿದ್ದು, ಇವತ್ತು ಬೆಳಿಗ್ಗೆ ನಾನೇ ಹುಳು ಬಿದ್ದದ್ದನ್ನು ಹೂತು ಬಂದೆ, ಮೇಲೆ ಇರುವುದೆಲ್ಲ ಹದ್ದು, ಗರುಡ ಒಂದೂ ಇಲ್ಲ. ಎಲ್ಲವನ್ನೂ ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಸುತ್ತ ಜನ ಜಯಕಾರ ಹಾಕುತ್ತಿದ್ದರು, ಕೇಳಿದ್ದು ಅವಳಿಗೆ ಮಾತ್ರ.

ಅವಳು ಕೊನೆಯವರೆಗೆ ಕೇಳಿದಳು. "ಆತು" ಎಂದಳು. ಸೆರಗು ಸರಿ ಮಾಡಿಕೊಂಡಳು. "ಮನೆಗೆ ಹೋಪ. ನಂಗೆ ಊಟ ಬ್ಯಾಡ."

ಬಾಗಿಲ ಹತ್ತಿರ ಭಾವ ಎದುರಾದ. ಬೆವರು, ಕುಂಕುಮ, ಸಂತೋಷ ಎಲ್ಲ ಅವನ ಮುಖದಲ್ಲಿ ಕಲೆಸಿತ್ತು. "ಅತ್ತೆ, ಕಂಡ್ರ್ಯಾ? ಮನಸ್ಸು ತುಂಬ್ತಾ?" ಎಂದ. ಆಯಿ ಅವನನ್ನು ಒಮ್ಮೆ ನೋಡಿದಳು. "ಕಂಡೆ" ಎಂದಳು, ಅಷ್ಟೇ. ಅಳಿಯನಿಗೆ ಎದುರು ಮಾತಾಡುವ ಕ್ರಮ ಅವಳಿಗಿಲ್ಲ. ನನಗಿದೆ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡು ಆಯಿಯ ಕೈ ಹಿಡಿದು ಮೆಟ್ಟಿಲು ಇಳಿಸಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಪವಾಡದ ವಿಡಿಯೋ ಕುಮಟಾ, ಹೊನ್ನಾವರ ಎಲ್ಲ ತಿರುಗಿತು. ಹೊರಗಿನವರು ಬಂದು ಗರುಡ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳತೊಡಗಿದರು. ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಸಮಿತಿಯವರು ಭಾನುವಾರಕ್ಕೊಮ್ಮೆ ದರ್ಶನ ಎಂದು ಗೊತ್ತುಮಾಡಿದರು. ನನ್ನ ಅರೆಕಲ್ಲಿಗೆ ಸುಣ್ಣ ಬಳಿದು, ಕೇಸರಿ ಬಣ್ಣದಲ್ಲಿ ಗರುಡಕಟ್ಟೆ ಎಂದು ಬರೆಸಿದರು. ನವರಾತ್ರಿ ಕಳೆದದ್ದರಿಂದ ಕರುಳಿಗೆ ಭಟ್ಕಳದವರೆಗೆ ಹೋಗುವ ತಾಪತ್ರಯವೂ ಇರಲಿಲ್ಲ. ಬಂದವರು ಮೂಗಿಗೆ ಕರವಸ್ತ್ರ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ಎತ್ತಿ ಹದ್ದಿಗೆ ನಮಸ್ಕಾರ ಹೇಳಿ, ತಿಂಡಿಯ ಪೊಟ್ಟಣ ಅಲ್ಲೇ ಬಿಸಾಡಿ ಹೋಗುತ್ತಿದ್ದರು. ವಾಸನೆ ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಮೂಗು ಮುಚ್ಚಿಕೊಂಡು ಭಕ್ತಿ ಮಾಡಬಹುದು ಎಂದು ನಾನು ಕಣ್ಣಾರೆ ಕಂಡೆ. ಭಾವನ ಜೊತೆ ದೊಡ್ಡ ಜಗಳವಾಯಿತು. ದೇವಸ್ಥಾನದ ಕೆಲಸಕ್ಕೆ ಅಡ್ಡ ಬರಬೇಡ ಎಂದು ಅಕ್ಕ ಒಂದು ತಿಂಗಳು ಮಾತು ಬಿಟ್ಟಳು. ಗ್ರೂಪಿನವರು ಆ ವರ್ಷದ ಮಟ್ಟಿಗೆ ನಮ್ಮ ಗುಡ್ಡವನ್ನು ಲೆಕ್ಕದಿಂದ ಬಿಟ್ಟರು. ಅವರು ಮಾಡಿದ್ದು ಸರಿ. ನಾನಾಗಿದ್ದರೂ ಬಿಡುತ್ತಿದ್ದೆ.

ಈಗ ನಾನು ಕೂರುವುದು ಇನ್ನೊಂದು ಗುಡ್ಡದಲ್ಲಿ, ಬಸ್ಸಿನಲ್ಲಿ ಹೋಗಿ ನಡೆಯಬೇಕು. ಅಲ್ಲಿ ಯಾವ ಗುಡಿಯೂ ಇಲ್ಲ. ಹೊಸ ವರ್ಷದ ಬಾಟಲಿಯ ಚೂರುಗಳಿವೆ, ಅವಕ್ಕೆ ವಾಸನೆಯಿಲ್ಲ.

ಆ ವರ್ಷದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟು ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದೆ. ಆಯಿ ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ತೆಂಗಿನ ಮರಗಳ ಮೇಲೆ ನೆರಳೊಂದು ಹಾಯಿತು. ತಲೆ ಎತ್ತಿದರೆ ಗರುಡ. ಎಷ್ಟೋ ದಿನದ ಮೇಲೆ ಬಂದಿತ್ತು. ಬಿಸಿಲಿಗೆ ಎದೆ ಬೆಳ್ಳಗೆ ಹೊಳೆಯಿತು. ಎಡರೆಕ್ಕೆಯಲ್ಲಿ ಒಂದು ಗರಿ ಇಲ್ಲ, ಹೊಳೆಯ ಜೋಡಿಯಲ್ಲಿ ಒಂದು ಅದು, ನನಗೆ ಮಳೆಗಾಲದಿಂದ ಪರಿಚಯ. ಅಂಗಳದ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು.

ಆಯಿ ಪಾತ್ರೆ ಕೆಳಗಿಟ್ಟಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿದಳು. ಮೇಲೆ ನೋಡಿದಳು. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ. ಅವು ಹೊಟ್ಟೆಯ ಹತ್ತಿರದವರೆಗೆ ಬಂದವು, ಅಲ್ಲೇ ನಿಂತವು.

"ಆಯಿ, ಇದು ಗರುಡ," ಎಂದೆ. "ಸಮಾ ನೋಡು, ಬಿಳಿ ಶಾಲು. ಹೊಳೆಯದು. ನಂಗೆ ಗೊತ್ತಿದ್ದ ಹಕ್ಕಿ."

"ಗರುಡ ಹೌದು. ಕಾಣ್ತದೆ ನಂಗೆ," ಎಂದಳು. "ಯಾರು ಎಂತ ಹಾಕಿ ಕರ್ಸಿರೇನ, ಯಾರಿಗೆ ಗೊತ್ತು?"

ಯಾರೂ ಏನೂ ಹಾಕಿಲ್ಲ ಆಯಿ, ತಾನಾಗಿ ಬಂದದ್ದು ಎಂದು ನಾನು ಇನ್ನೂ ಹೇಳುತ್ತಿದ್ದೆ. ಅವಳು ಕೂತು ಪಾತ್ರೆ ತೆಗೆದುಕೊಂಡಿದ್ದಳು. ಗರುಡ ಮೂರನೆಯ ಸುತ್ತನ್ನೂ ಹಾಕಿ ಹೊಳೆಯ ಕಡೆ ಹೋಯಿತು. ಆಯಿ ತಲೆ ಎತ್ತಲಿಲ್ಲ.